ಸಿ ಲೈಬ್ರರಿಯ ಎರರ್ ಫಂಕ್ಷನ್‌ಗಳಿಗೆ ಗೊಂದಲವಿಲ್ಲದ ಡಾಕ್ಯುಮೆಂಟೇಶನ್: ಮಳೆಮಾಪಕದ ಉದಾಹರಣೆಯೊಂದಿಗೆ

"ಫೈಲ್ ಓಪನ್ ಆಗಲಿಲ್ಲ, ಅದು ಗೊತ್ತಾಯಿತು. ಆದರೆ ಮೆಸೇಜ್ ಮಾತ್ರ ಯಾವುದೋ ಡಿವೈಸ್ ಬಗ್ಗೆ ಹೇಳುತ್ತಿದೆ, ಯಾಕೆ?" ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಕೇಳುತ್ತಾರೆ. ಮಡಿಕೇರಿ, ಗೋಣಿಕೊಪ್ಪದಲ್ಲಿ ಮನೆಯಿಂದಲೇ ಕೆಲಸ ಮಾಡುವವರೂ ಇದನ್ನೇ ಬೇರೆ ಮಾತಲ್ಲಿ ಕೇಳುತ್ತಾರೆ. ಅವರ ಕೋಡಿನಲ್ಲಿರುವ ತಪ್ಪು ಹೆಚ್ಚಿನ ಸಲ ಒಂದು ಸಾಲಿನದು. ಲೈಬ್ರರಿ ಬರೆದವರು ಡಾಕ್ಯುಮೆಂಟೇಶನ್‌ನಲ್ಲಿ ಇನ್ನೊಂದು ಸಾಲು ಸೇರಿಸಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ.

ಹಾಗಾಗಿ ಈ ಮಾರ್ಗದರ್ಶಿ ಲೈಬ್ರರಿ ಬರೆಯುವವರಿಗೆ. ಕಾಲೇಜಿನ ಪ್ರಾಜೆಕ್ಟ್ ಆಗಿರಲಿ, ಕಂಪನಿಯ ಒಳಗಿನ ಕೋಡ್ ಆಗಿರಲಿ, ನಿಮ್ಮ ಫಂಕ್ಷನ್ನನ್ನು ಇನ್ನೊಬ್ಬರು ಬಳಸುತ್ತಾರೆ ಎಂದಾದರೆ ಇದು ಬೇಕಾಗುತ್ತದೆ. ಎರರ್ ತಿಳಿಸುವ ಫಂಕ್ಷನ್ ಏನು ಕೊಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಕೊಟ್ಟದ್ದನ್ನು ಯಾವಾಗಿನಿಂದ ಯಾವಾಗಿನವರೆಗೆ ನಂಬಬಹುದು ಎಂದು ಬರೆಯುವವರು ಕಡಿಮೆ. ಬಳಸುವವರು ಎಡವುವುದು ಅಲ್ಲಿಯೇ.

ಉದಾಹರಣೆಗೆ ಒಂದು ಸಣ್ಣ ಲೈಬ್ರರಿ ಇಟ್ಟುಕೊಳ್ಳೋಣ. ಕಾಫಿ ತೋಟದ ಮಳೆಮಾಪಕವನ್ನು ಓದುವ ಲೈಬ್ರರಿ, ಹೆಸರು "ಮಳೆ". ನಮ್ಮಲ್ಲಿ ತೋಟದ ಮಳೆ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ ನಡೆಯುತ್ತದೆ, ನೂರು ಸೆಂಟಿಗೆ ಒಂದು ಇಂಚು. ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚಿಕೊಂಡು ಎಣಿಕೆ ಕೊಡುವ ಮಾಪಕಗಳಲ್ಲಿ ಒಂದು ಮಗುಚಿಗೆ 0.01 ಇಂಚಿನವು ಸಿಗುತ್ತವೆ. ಅಂದರೆ ಒಂದು ಮಗುಚಿಗೆ ಸರಿಯಾಗಿ ಒಂದು ಸೆಂಟು. ಲೈಬ್ರರಿಯ ಫಂಕ್ಷನ್‌ಗಳು: ಮಳೆ_ಓಪನ್, ಮಳೆ_ರೀಡ್, ಮಳೆ_ಕ್ಲೋಸ್, ಮಳೆ_ಎರರ್‌ಕೋಡ್, ಮಳೆ_ಎರರ್‌ಟೆಕ್ಸ್ಟ್. ಲೇಖನದಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೋಡ್ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಏನೇನು ಬೇಕು

ಲಿನಕ್ಸ್ ಇರುವ ಒಂದು ಕಂಪ್ಯೂಟರ್, ಜಿಸಿಸಿ ಕಂಪೈಲರ್, ಲೈಬ್ರರಿಯ ಹೆಡರ್ ಫೈಲ್ ಮತ್ತು ಮ್ಯಾನ್ ಪೇಜ್‌ಗಳು. ಮ್ಯಾನ್ ಪೇಜ್ ಅಂದರೆ ಟರ್ಮಿನಲ್ಲಿನಲ್ಲೇ ಓದಬಹುದಾದ ಕೈಪಿಡಿ. ಸಿಸ್ಟಮ್ ಕಾಲ್‌ಗಳು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿಗೇ ಹೋಗುವ ಕಾಲ್‌ಗಳು, 2ನೇ ವಿಭಾಗದಲ್ಲಿ, ಲೈಬ್ರರಿ ಫಂಕ್ಷನ್‌ಗಳು 3ನೇ ವಿಭಾಗದಲ್ಲಿ ಇರುತ್ತವೆ. ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಕಾಗಿಲ್ಲ. ಮಳೆಗಾಲದಲ್ಲಿ ಟವರ್ ಬಂದ್ ಆದ ದಿನವೂ ಓದಬಹುದು. ಬರೆಯಲು ಕೂರುವ ಮೊದಲು ಫೈಲ್ ತೆರೆಯುವ ಓಪನ್, ಮುಚ್ಚುವ ಕ್ಲೋಸ್, ಎರರ್ ಸಂಖ್ಯೆಯನ್ನು ಪಠ್ಯ ಮಾಡುವ ಸ್ಟ್ರ್‌ಎರರ್ ಈ ಮೂರರ ಪುಟಗಳನ್ನು ಒಮ್ಮೆ ಪೂರ್ತಿ ಓದಿ. ಅವುಗಳಲ್ಲಿ "ರಿಟರ್ನ್ ವ್ಯಾಲ್ಯೂ" ಮತ್ತು "ಎರರ್ಸ್" ಎಂಬ ಬೇರೆ ಬೇರೆ ಶೀರ್ಷಿಕೆಗಳಿವೆ. ನಿಮ್ಮ ಪುಟದಲ್ಲೂ ಹಾಗೆಯೇ ಬೇರೆ ಇಡಿ.

1. ಸೋಲಿನ ಸುದ್ದಿ ಯಾವ ದಾರಿಯಲ್ಲಿ ಬರುತ್ತದೆ ಎಂದು ಗುರುತಿಸಿ

ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಸೋತದ್ದನ್ನು ತಿಳಿಸಲು ಸಾಮಾನ್ಯವಾಗಿ ಮೂರು ದಾರಿಗಳಿವೆ. ರಿಟರ್ನ್ ವ್ಯಾಲ್ಯೂ ಒಂದು. ಎರ್‌ನೋ ಇನ್ನೊಂದು; ಸ್ಟಾಂಡರ್ಡ್ ಲೈಬ್ರರಿ ಎರರ್‌ನ ಸಂಖ್ಯೆಯನ್ನು ಇಡುವ ಜಾಗ ಅದು, ನೋಡಲು ಸಾಮಾನ್ಯ ವೇರಿಯಬಲ್ ಥರವೇ ಇರುತ್ತದೆ. ಮೂರನೆಯದು ಲೈಬ್ರರಿಯದೇ ಸ್ವಂತ ಎರರ್ ಫಂಕ್ಷನ್.

ನಿಮ್ಮ ಪ್ರತಿ ಫಂಕ್ಷನ್ನಿನ ಮುಂದೆ ಈ ಮೂರರಲ್ಲಿ ಯಾವುದು ಎಂದು ಬರೆಯಿರಿ. "ಇದು ಎಲ್ಲರಿಗೂ ಗೊತ್ತಿರುತ್ತದೆ" ಎಂದು ಬಿಡಬೇಡಿ. ಥ್ರೆಡ್‌ಗಳನ್ನು (ಇವುಗಳ ವಿವರ 5ನೇ ಹಂತದಲ್ಲಿದೆ) ನಡೆಸುವ ಪಿಥ್ರೆಡ್ ಫಂಕ್ಷನ್‌ಗಳನ್ನೇ ನೋಡಿ. ಪಿಥ್ರೆಡ್_ಕ್ರಿಯೇಟ್ ಸೋತರೆ ಎರರ್ ಸಂಖ್ಯೆಯನ್ನು ನೇರವಾಗಿ ರಿಟರ್ನ್ ಮಾಡುತ್ತದೆ, ಎರ್‌ನೋವನ್ನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ. ಅದರ ನಂತರ ಅಭ್ಯಾಸಬಲದಿಂದ, ಎರ್‌ನೋದ ಮೆಸೇಜ್ ಬರೆಯುವ ಪಿಎರರ್ ಕಾಲ್ ಮಾಡಿದರೆ ಹಳೆಯ, ಸಂಬಂಧವಿಲ್ಲದ ಮೆಸೇಜ್ ಬರುತ್ತದೆ. ಒಮ್ಮೊಮ್ಮೆ "ಸಕ್ಸೆಸ್" ಎಂದೂ ಬರುತ್ತದೆ. ನೆಟ್‌ವರ್ಕ್ ವಿಳಾಸ ಹುಡುಕುವ ಗೆಟ್‌ಆಡ್ರ್‌ಇನ್ಫೋ ಇನ್ನೊಂದು ಬಗೆ: ಅದರ ಕೋಡ್‌ಗಳೇ ಬೇರೆ, ಅವನ್ನು ಪಠ್ಯ ಮಾಡಲು ಗೈ_ಸ್ಟ್ರ್‌ಎರರ್ ಎಂಬ ಬೇರೆ ಫಂಕ್ಷನ್ ಇದೆ. ಅದು ಇಎಐ_ಸಿಸ್ಟಮ್ ಕೊಟ್ಟಾಗ ಮಾತ್ರ ಎರ್‌ನೋ ನೋಡಬೇಕು.

2. ಸೋಲಿನ ಗುರುತನ್ನು ಸರಿಯಾದ ಉತ್ತರದಿಂದ ಬೇರೆ ಮಾಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ, ಯಾಕೆಂದರೆ ನಷ್ಟ ನಿಜವಾಗಿ ಆಗುವುದು ಈ ಹಂತದಲ್ಲಿ.

ಮಳೆ_ರೀಡ್ ಹಿಂದಿನ ಸಲ ಓದಿದ ಮೇಲೆ ಬಿದ್ದ ಮಳೆಯನ್ನು ಸೆಂಟಿನಲ್ಲಿ ಕೊಡುತ್ತದೆ ಎನ್ನೋಣ. ಮಾಪಕದ ವೈರ್ ಕಿತ್ತುಹೋಗಿದ್ದರೆ ಏನು ಕೊಡಬೇಕು? ಅನೇಕರು ಸೊನ್ನೆ ಕೊಟ್ಟುಬಿಡುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ತೋಟದವರು ಹೂಮಳೆಗಾಗಿ, ಅಂದರೆ ಕಾಫಿ ಹೂ ಅರಳಿಸುವ ಮಳೆಗಾಗಿ, ಕಾಯುತ್ತಿರುತ್ತಾರೆ. ಆ ತಿಂಗಳುಗಳಲ್ಲಿ ಸೊನ್ನೆ ಎಂಬುದು ನಿಜವಾದ, ದಿನವೂ ಬರುವ ಉತ್ತರ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಡೀಸೆಲ್, ಆಳು, ಕೆರೆಯ ನೀರು ಎಲ್ಲವೂ ಆ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ. ರಾತ್ರಿ ಒಂದು ಇಂಚು ಮಳೆಯಾಗಿದ್ದು ಲೈಬ್ರರಿ ಸೊನ್ನೆ ಎಂದು ಹೇಳಿದರೆ, ದೂರದಲ್ಲಿ ಕುಳಿತು ಮೊಬೈಲಿನಲ್ಲಿ ಲೆಕ್ಕ ನೋಡುವ ತೋಟದ ಮಾಲೀಕರಿಗೆ ಅದು ಸುಳ್ಳೆಂದು ತಿಳಿಯುವ ಬಗೆಯೇ ಇಲ್ಲ.

ಹಾಗಾಗಿ ಮಳೆ_ರೀಡ್ ಸೋತರೆ –1 ಕೊಡಲಿ, ಡಾಕ್ಯುಮೆಂಟೇಶನ್ ಹೀಗೆ ಇರಲಿ:

"ಮಳೆ_ರೀಡ್: ಹಿಂದಿನ ಯಶಸ್ವಿ ಓದಿನ ನಂತರ ಬಿದ್ದ ಮಳೆಯನ್ನು ಸೆಂಟಿನಲ್ಲಿ ಕೊಡುತ್ತದೆ. 0 ಎಂದರೆ ಮಾಪಕ ಉತ್ತರ ಕೊಟ್ಟಿದೆ, ಮಳೆ ಬಿದ್ದಿಲ್ಲ. –1 ಎಂದರೆ ಓದಲು ಆಗಲಿಲ್ಲ; ಮಳೆ ಬಿದ್ದಿದೆಯೇ ಇಲ್ಲವೇ ಎಂಬುದು ಇದರಿಂದ ತಿಳಿಯುವುದಿಲ್ಲ."

ಕೊನೆಯ ಅರ್ಧ ವಾಕ್ಯವನ್ನು ಕತ್ತರಿಸಬೇಡಿ. ಬಳಸುವವರು –1 ಅನ್ನು ಸೊನ್ನೆ ಎಂದು ಕೂಡಿಸದಂತೆ ತಡೆಯುವುದು ಅದೇ.

ಎಚ್ಚರಿಕೆ: ಒಂದೇ ಉತ್ತರಕ್ಕೆ ಎರಡು ಅರ್ಥ ಇರುವ ಫಂಕ್ಷನ್ ನಿಮ್ಮಲ್ಲಿದ್ದರೆ, ಎರಡನ್ನೂ ಬೇರೆ ಮಾಡುವ ವಿಧಾನವನ್ನು ಅಲ್ಲೇ ಬರೆಯಿರಿ. ಡೈರೆಕ್ಟರಿ ಓದುವ ರೀಡ್‌ಡಿರ್ ಪಟ್ಟಿ ಮುಗಿದಾಗಲೂ ನಲ್ ಪಾಯಿಂಟರ್ ಕೊಡುತ್ತದೆ, ಸೋತಾಗಲೂ ಅದನ್ನೇ ಕೊಡುತ್ತದೆ. ಮುಗಿದಾಗ ಎರ್‌ನೋ ಬದಲಾಗುವುದಿಲ್ಲ. ಆದ್ದರಿಂದ ಕಾಲ್ ಮಾಡುವ ಮೊದಲು ನೀವೇ ಎರ್‌ನೋವನ್ನು ಸೊನ್ನೆ ಮಾಡಿ, ನಲ್ ಬಂದ ಮೇಲೆ ಅದು ಸೊನ್ನೆಯಾಗಿಯೇ ಉಳಿದಿದೆಯೇ ಎಂದು ನೋಡಬೇಕು. ಪಠ್ಯವನ್ನು ಸಂಖ್ಯೆ ಮಾಡುವ ಸ್ಟ್ರ್‌ಟೋಲ್‌ಗೂ ಇದೇ ಕ್ರಮ: ಸಂಖ್ಯೆ ಮಿತಿ ಮೀರಿದರೆ ಅದು ಲಾಂಗ್‌ನ ಗರಿಷ್ಠ ಅಥವಾ ಕನಿಷ್ಠ ಬೆಲೆ ಕೊಟ್ಟು ಎರ್‌ನೋದಲ್ಲಿ ಈರೇಂಜ್ ಇಡುತ್ತದೆ, ಆದರೆ ಆ ಗರಿಷ್ಠ ಬೆಲೆ ಸರಿಯಾದ ಇನ್‌ಪುಟ್ಟಿನಿಂದಲೂ ಬರಬಹುದು.

3. ಉತ್ತರವನ್ನು ನಂಬಬಹುದಾದ ಅವಧಿ ಬರೆಯಿರಿ

ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಿ ಸ್ಟಾಂಡರ್ಡ್ ಪ್ರಕಾರ ಪ್ರೋಗ್ರಾಂ ಶುರುವಾಗುವಾಗ ಎರ್‌ನೋ ಸೊನ್ನೆ. ಅದರ ಮೇಲೆ ಯಾವ ಸ್ಟಾಂಡರ್ಡ್ ಲೈಬ್ರರಿ ಫಂಕ್ಷನ್ನೂ ಅದನ್ನು ಮತ್ತೆ ಸೊನ್ನೆ ಮಾಡುವುದಿಲ್ಲ. ಎರ್‌ನೋ ಬಳಕೆಯನ್ನು ಸ್ಟಾಂಡರ್ಡ್ ಹೇಳದಿರುವ ಫಂಕ್ಷನ್‌ಗಳು ತಾವು ಯಶಸ್ವಿಯಾಗಿದ್ದರೂ ಅದರಲ್ಲಿ ಬೇರೆ ಸಂಖ್ಯೆ ಬಿಟ್ಟುಹೋಗಬಹುದು.

ಈಗ ಹೀಗೆ ಯೋಚಿಸಿ. ಓಪನ್ ಸೋತಿತು, ಎರ್‌ನೋದಲ್ಲಿ ಈನೋಎಂಟ್ ಬಂತು. ಅಂಥ ಫೈಲ್ ಇಲ್ಲ ಎಂದರ್ಥ. ಮೆಸೇಜ್ ತೋರಿಸುವ ಮೊದಲು ಲಾಗ್‌ಗೆ ಒಂದು ಸಾಲು ಪ್ರಿಂಟ್‌ಎಫ್ ಮಾಡಿದಿರಿ. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುತ್ತಿದೆಯೋ ಫೈಲಿಗೋ ಎಂದು ಪ್ರಿಂಟ್‌ಎಫ್ ಒಳಗಿನಿಂದ ಪರೀಕ್ಷೆ ನಡೆಯಬಹುದು. ಫೈಲಿಗೆ ಹೋಗುತ್ತಿದ್ದರೆ ಆ ಪರೀಕ್ಷೆ ಸೋತು ಎರ್‌ನೋದಲ್ಲಿ ಈನಾಟ್‌ಟಿಟಿವೈ ಉಳಿಯಬಹುದು. ಆಮೇಲೆ ಸ್ಟ್ರ್‌ಎರರ್ ಕರೆದರೆ ಡಿವೈಸ್‌ಗೆ ಹೊಂದದ ಆಜ್ಞೆ ಎಂಬ ಅರ್ಥದ ಮೆಸೇಜ್ ಬರುತ್ತದೆ. ಓಪನ್ ಹೇಳಿದ ನಿಜವಾದ ಕಾರಣ ಅಳಿಸಿಹೋಗಿರುತ್ತದೆ. ಪರಿಹಾರ ಇಷ್ಟೇ: ಸೋತ ಕೂಡಲೇ, ಮಧ್ಯೆ ಬೇರೇನೂ ಕಾಲ್ ಮಾಡದೆ, ಎರ್‌ನೋವನ್ನು ನಿಮ್ಮದೇ ಒಂದು ಇಂಟ್ ವೇರಿಯಬಲ್‌ಗೆ ನಕಲು ಮಾಡಿಕೊಳ್ಳಿ.

ಇದೇ ತೊಂದರೆ ನಿಮ್ಮ ಲೈಬ್ರರಿಯ ಸ್ವಂತ ಎರರ್ ಫಂಕ್ಷನ್‌ಗೂ ಇದೆ. ಎಸ್‌ಕ್ಯುಲೈಟ್ ಡೇಟಾಬೇಸ್ ಲೈಬ್ರರಿ ಇದನ್ನು ಬಾಯಿಬಿಟ್ಟು ಹೇಳುತ್ತದೆ: ಎರ್‌ಕೋಡ್ ಫಂಕ್ಷನ್ ಕೊಡುವುದು ಆ ಡೇಟಾಬೇಸ್ ಕನೆಕ್ಷನ್ನಿನ ತೀರಾ ಇತ್ತೀಚಿನ ಕಾಲ್ ಸೋತಿದ್ದರೆ ಅದರ ಕೋಡ್, ಆ ಕಾಲ್ ಗೆದ್ದಿದ್ದರೆ ಏನು ಬರುತ್ತದೆ ಎಂಬುದಕ್ಕೆ ಭರವಸೆ ಇಲ್ಲ. ನೀವೂ ಇಂಥ ವಾಕ್ಯ ಬರೆಯಬೇಕು. ಮಳೆ_ಎರರ್‌ಕೋಡ್ ಬಗ್ಗೆ ಮೂರು ವಿಷಯ ಸ್ಪಷ್ಟವಾಗಿರಲಿ: ಯಾವ ಕಾಲ್‌ನ ಎರರ್, ಯಶಸ್ವಿ ಕಾಲ್ ಅದನ್ನು ಅಳಿಸುತ್ತದೆಯೇ, ಮಳೆ_ಕ್ಲೋಸ್ ಆದ ಮೇಲೆ ಕೇಳಬಹುದೇ. ಮಳೆ_ಓಪನ್ ಸೋತಾಗ ಹ್ಯಾಂಡಲ್ಲೇ ಸಿಕ್ಕಿರುವುದಿಲ್ಲ. ಹ್ಯಾಂಡಲ್ ಅಂದರೆ ತೆರೆದ ಮಾಪಕವನ್ನು ಗುರುತಿಸುವ ಪಾಯಿಂಟರ್. ಅದಿಲ್ಲದೆ ಎರರ್ ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದ ಡಾಕ್ಯುಮೆಂಟೇಶನ್‌ಗಳನ್ನು ಬಹಳ ನೋಡಿದ್ದೇನೆ.

4. ಪಠ್ಯದ ಒಡೆತನ ಯಾರದು ಎಂದು ಹೇಳಿ

ಎರರ್ ಮೆಸೇಜ್ ಕೊಡುವ ಫಂಕ್ಷನ್ ಒಂದು ಪಾಯಿಂಟರ್ ಕೊಡುತ್ತದೆ. ಆ ಪಠ್ಯ ಇರುವ ಮೆಮೊರಿಯನ್ನು ಫ್ರೀ ಮಾಡಬೇಕೋ ಬೇಡವೋ, ಎಷ್ಟು ಹೊತ್ತು ಅದು ಹಾಗೆಯೇ ಇರುತ್ತದೆ, ಬದಲಿಸಬಹುದೇ ಎಂಬುದನ್ನು ಬಳಸುವವರು ಊಹಿಸುವಂತೆ ಆಗಬಾರದು.

ಎಸ್‌ಕ್ಯುಲೈಟ್‌ನಲ್ಲೇ ಎರಡು ಬಗೆ ಇವೆ. ಎರ್‌ಎಂಎಸ್‌ಜಿ ಫಂಕ್ಷನ್ ಕೊಟ್ಟ ಪಠ್ಯ ಲೈಬ್ರರಿಯದ್ದು, ನೀವು ಫ್ರೀ ಮಾಡುವ ಹಾಗಿಲ್ಲ; ಮುಂದಿನ ಕಾಲ್‌ಗಳು ಅದರ ಮೇಲೆಯೇ ಬರೆಯಬಹುದು. ಆದರೆ ಎಕ್ಸೆಕ್ ಫಂಕ್ಷನ್ ತನ್ನ ಕೊನೆಯ ಆರ್ಗ್ಯುಮೆಂಟ್ ಮೂಲಕ ಕೊಡುವ ಎರರ್ ಪಠ್ಯವನ್ನು ಎಸ್‌ಕ್ಯುಲೈಟ್‌ನದೇ ಫ್ರೀ ಫಂಕ್ಷನ್‌ನಿಂದ ನೀವು ಬಿಡುಗಡೆ ಮಾಡಬೇಕು. ಒಂದೇ ಲೈಬ್ರರಿ, ನಿಯಮ ಎರಡು. ಎರಡೂ ಬರಹದಲ್ಲಿ ಇರುವುದರಿಂದಲೇ ಜನ ಸರಿಯಾಗಿ ಬಳಸುತ್ತಾರೆ.

ನೆಟ್‌ನಿಂದ ಡೇಟಾ ತರುವ, ಕಳಿಸುವ ಲಿಬ್‌ಕರ್ಲ್ ಲೈಬ್ರರಿಯದು ಮೂರನೇ ಬಗೆ. ಅಲ್ಲಿ ಎರರ್ ಪಠ್ಯಕ್ಕೆ ಬಫರ್, ಅಂದರೆ ಖಾಲಿ ಜಾಗವನ್ನು ನೀವೇ ಕೊಡಬಹುದು, ಅಳತೆ 256 ಬೈಟ್. ಲೈಬ್ರರಿ ನಂತರ ಯಾವಾಗ ಬೇಕಾದರೂ ಅದರಲ್ಲಿ ಬರೆಯಬಹುದಾದ್ದರಿಂದ, ಒಂದು ಫಂಕ್ಷನ್ನಿನ ಲೋಕಲ್ ವೇರಿಯಬಲ್ ಕೊಟ್ಟು ಆ ಫಂಕ್ಷನ್ನಿಂದ ಹೊರಬಂದರೆ ಮೆಮೊರಿ ಹಾಳಾಗುತ್ತದೆ.

ನಮ್ಮ ಮಳೆ_ಎರರ್‌ಟೆಕ್ಸ್ಟ್ ಅನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಹೆಡರ್ ಫೈಲಿನಲ್ಲಿ ಕಾಣುವುದು ಹೀಗೆ:

"ಕೊನೆಯ ಎರರ್‌ನ ಪಠ್ಯ ಕೊಡುತ್ತದೆ."

ಇದನ್ನು ಹೀಗೆ ಬಿಡಿಸಿ ಬರೆಯಿರಿ:

"ಈ ಹ್ಯಾಂಡಲ್ ಮೇಲೆ ನಡೆದ, ತೀರಾ ಇತ್ತೀಚೆಗೆ ಸೋತ ಕಾಲ್‌ನ ಕಾರಣವನ್ನು ಪಠ್ಯವಾಗಿ ಕೊಡುತ್ತದೆ. ಯಶಸ್ವಿ ಕಾಲ್‌ಗಳು ಇದನ್ನು ಅಳಿಸುವುದಿಲ್ಲ. ಯಾವ ಕಾಲ್ ಕೂಡ ಸೋತಿಲ್ಲದಿದ್ದರೆ ಖಾಲಿ ಸ್ಟ್ರಿಂಗ್ ಬರುತ್ತದೆ, ನಲ್ ಎಂದೂ ಬರುವುದಿಲ್ಲ. ಪಠ್ಯ ಲೈಬ್ರರಿಯದ್ದು: ಫ್ರೀ ಮಾಡಬೇಡಿ, ಬದಲಿಸಬೇಡಿ. ಇದೇ ಹ್ಯಾಂಡಲ್ ಮೇಲಿನ ಮುಂದಿನ ಸೋಲು ಅಥವಾ ಮಳೆ_ಕ್ಲೋಸ್ ತನಕ ಪಠ್ಯ ಹಾಗೆಯೇ ಇರುತ್ತದೆ. ಇದನ್ನು ಕಾಲ್ ಮಾಡುವುದರಿಂದ ಎರ್‌ನೋ ಬದಲಾಗುವುದಿಲ್ಲ."

ಉದ್ದವಾಯಿತು ಎನಿಸಬಹುದು. ಆದರೆ ಇದರಲ್ಲಿರುವ ಒಂದೊಂದು ವಾಕ್ಯವೂ ಯಾರಾದರೂ ನಿಮಗೆ ಕಳಿಸಬೇಕಾಗಿದ್ದ ಒಂದೊಂದು ಪ್ರಶ್ನೆ. ಬರೆದ ಮೇಲೆ ಕೋಡ್ ನಿಜಕ್ಕೂ ಹಾಗೆಯೇ ನಡೆಯುತ್ತದೆಯೇ ಎಂದು ನೋಡಿ. ಕೊನೆಯ ವಾಕ್ಯಕ್ಕಾಗಿ ಫಂಕ್ಷನ್ನಿನ ಶುರುವಿನಲ್ಲಿ ಎರ್‌ನೋ ಉಳಿಸಿಕೊಂಡು ಕೊನೆಗೆ ವಾಪಸ್ ಇಡುವ ಎರಡು ಸಾಲು ಸೇರಿಸಬೇಕಾಗಬಹುದು.

5. ಥ್ರೆಡ್‌ಗಳ ವಿಷಯ

ಥ್ರೆಡ್ ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳು. ಎರ್‌ನೋ ಪ್ರತಿ ಥ್ರೆಡ್‌ಗೂ ಬೇರೆ. 2011ರ ಸಿ ಸ್ಟಾಂಡರ್ಡ್ ಕೂಡ ಹಾಗೆಯೇ ಹೇಳುತ್ತದೆ. ಆದರೆ ಸ್ಟ್ರ್‌ಎರರ್ ಕೊಡುವ ಪಠ್ಯದ ಜಾಗಕ್ಕೆ ಆ ಭರವಸೆ ಎಲ್ಲೆಡೆ ಇಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನು ಸಿ ಲೈಬ್ರರಿಯಲ್ಲಿ 2.32ನೇ ಆವೃತ್ತಿಯಿಂದ ಅದು ಥ್ರೆಡ್‌ಗಳಿಗೆ ಸುರಕ್ಷಿತ, ಅದಕ್ಕಿಂತ ಹಳೆಯದರಲ್ಲಿ ಅಲ್ಲ.

ಎಚ್ಚರಿಕೆ: ಸುರಕ್ಷಿತ ಎಂದು ಸ್ಟ್ರ್‌ಎರರ್_ಆರ್ ಬಳಸಿದವರು ಬೇರೆ ಗುಂಡಿಗೆ ಬೀಳುತ್ತಾರೆ. ಆ ಹೆಸರಿನಲ್ಲಿ ಎರಡು ಫಂಕ್ಷನ್‌ಗಳಿವೆ. ಪಾಸಿಕ್ಸ್ ಎಂಬ ಒಪ್ಪಿತ ನಿಯಮಾವಳಿಯದು ಇಂಟ್ ಕೊಟ್ಟು, ಪಠ್ಯವನ್ನು ನಿಮ್ಮ ಬಫರ್‌ಗೆ ತುಂಬುತ್ತದೆ. ಗ್ನುದು ಪಾಯಿಂಟರ್ ಕೊಡುತ್ತದೆ, ನಿಮ್ಮ ಬಫರನ್ನು ಮುಟ್ಟದೆಯೂ ಇರಬಹುದು. ಗ್ನು ರೂಪ ಸಿಕ್ಕಿರುವಾಗ ರಿಟರ್ನ್ ವ್ಯಾಲ್ಯೂ ಬಿಟ್ಟು ಬಫರನ್ನೇ ಪ್ರಿಂಟ್ ಮಾಡಿದರೆ ಕಸ ಬರಬಹುದು. ಯಾವುದು ಸಿಗುತ್ತದೆ ಎಂಬುದನ್ನು ಹೆಡರ್‌ಗಿಂತ ಮೊದಲು ಡಿಫೈನ್ ಮಾಡಿದ ಮ್ಯಾಕ್ರೋಗಳು ತೀರ್ಮಾನಿಸುತ್ತವೆ. _ಗ್ನು_ಸೋರ್ಸ್ ಇದ್ದರೆ ಗ್ನು ರೂಪ. ನಿಮ್ಮ ಲೈಬ್ರರಿ ಒಳಗೆ ಇದನ್ನು ಬಳಸಿದ್ದರೆ ಬಳಸುವವರಿಗೆ ಆ ತಲೆನೋವು ದಾಟಿಸಬೇಡಿ.

ಡಾಕ್ಯುಮೆಂಟೇಶನ್‌ನಲ್ಲಿ ಬರೆಯಬೇಕಾದ್ದು: ಬೇರೆ ಬೇರೆ ಹ್ಯಾಂಡಲ್‌ಗಳನ್ನು ಬೇರೆ ಥ್ರೆಡ್‌ಗಳಲ್ಲಿ ಬಳಸಬಹುದೇ, ಒಂದೇ ಹ್ಯಾಂಡಲನ್ನು ಹಂಚಿಕೊಳ್ಳಬಹುದೇ. "ಥ್ರೆಡ್ ಸೇಫ್" ಎಂಬ ಎರಡೇ ಪದ ಸಾಲದು.

6. ಎರರ್ ಕೋಡ್‌ಗಳ ಪಟ್ಟಿ

ಪ್ರತಿ ಕೋಡ್‌ಗೂ ಕಾರಣ ಬರೆಯಿರಿ. ಅದಕ್ಕಿಂತ ಮುಖ್ಯವಾಗಿ, ಸೋತ ಮೇಲೆ ಪರಿಸ್ಥಿತಿ ಏನಾಗಿದೆ, ಮತ್ತೆ ಪ್ರಯತ್ನಿಸಬಹುದೇ ಎಂದು ಬರೆಯಿರಿ.

ಮಳೆ_ರೀಡ್ ಟೈಮ್‌ಔಟ್ ಕೊಟ್ಟಿತು, ಅಂದರೆ ಮಾಪಕ ಗೊತ್ತಾದ ಸಮಯದೊಳಗೆ ಉತ್ತರಿಸಲಿಲ್ಲ. ಕಕ್ಕಡ (ಜುಲೈ–ಆಗಸ್ಟ್) ತಿಂಗಳ ಮಳೆಯಲ್ಲಿ ಕರೆಂಟು ಹೋಗಿ ಬರುವಾಗ ಇದು ದಿನನಿತ್ಯದ ಮಾತು. ಮತ್ತೆ ಓದಿದರೆ ಹಿಂದಿನ ಎಣಿಕೆ ಸಿಗುತ್ತದೆಯೇ, ಕಳೆದುಹೋಯಿತೇ, ಎರಡು ಸಲ ಸೇರುತ್ತದೆಯೇ? ಇದನ್ನು ಬರೆಯದಿದ್ದರೆ ತಿಂಗಳ ಕೊನೆಯಲ್ಲಿ ಮಳೆ ಪುಸ್ತಕದ ಒಟ್ಟು ಮೊತ್ತ ತಪ್ಪಾಗಿರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. "ಟೈಮ್‌ಔಟ್ ಆದರೆ ಮಾಪಕದ ಎಣಿಕೆ ಹಾಗೆಯೇ ಉಳಿಯುತ್ತದೆ, ಮತ್ತೆ ಓದಬಹುದು, ಮುಂದಿನ ಯಶಸ್ವಿ ಓದಿನಲ್ಲಿ ಅದೂ ಸೇರಿರುತ್ತದೆ" ಎಂಬಂಥ ವಾಕ್ಯ ಬೇಕು.

ಮತ್ತೆ ಪ್ರಯತ್ನಿಸಬಾರದ ಸಂದರ್ಭವೂ ಇದೆ. ಲಿನಕ್ಸ್‌ನಲ್ಲಿ ಕ್ಲೋಸ್ ಸಿಸ್ಟಮ್ ಕಾಲ್ ಈಇಂಟರ್ ಕೊಟ್ಟರೂ, ಅಂದರೆ ಸಿಗ್ನಲ್ ಬಂದು ಮಧ್ಯೆ ತಡೆಯಾದರೂ, ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲನ್ನು ಗುರುತಿಸುವ ಸಂಖ್ಯೆ, ಬಿಡುಗಡೆಯಾಗಿಯೇ ಇರುತ್ತದೆ. ಮತ್ತೆ ಕ್ಲೋಸ್ ಮಾಡಿದರೆ ಅಷ್ಟರಲ್ಲಿ ಬೇರೆ ಥ್ರೆಡ್ ಅದೇ ಸಂಖ್ಯೆಯಲ್ಲಿ ತೆರೆದ ಫೈಲ್ ಮುಚ್ಚಿಹೋಗಬಹುದು. ಮ್ಯಾನ್ ಪೇಜ್ ಇದನ್ನು ವಿವರವಾಗಿಯೇ ಹೇಳುತ್ತದೆ.

ಮಿತಿ ಮೀರಿದ ಸಂಖ್ಯೆಗೆ ಎರರ್ ಕೊಡುತ್ತೀರಾದರೆ ಆ ಮಿತಿ ಎಷ್ಟೆಂದು ಬರೆಯಿರಿ. "ಅಸಾಧ್ಯವಾದ ಬೆಲೆ ಬಂದರೆ" ಎಂದು ಬಿಟ್ಟರೆ ಸಾಲದು. ಬಯಲು ಸೀಮೆಯ ಅಂದಾಜಿನಲ್ಲಿ ಇಟ್ಟ ಮಿತಿ ಭಾಗಮಂಡಲ, ತಲಕಾವೇರಿ ಕಡೆ ಜುಲೈ ತಿಂಗಳಲ್ಲಿ ನಿಜವಾದ ಮಳೆಯನ್ನೇ ಎರರ್ ಎಂದು ತಳ್ಳಿಹಾಕುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಂಥ ದಿನಗಳಲ್ಲಿ ಆ ದೊಡ್ಡ ಸಂಖ್ಯೆಯೇ ಎಲ್ಲಕ್ಕಿಂತ ಬೇಕಾದದ್ದು. ಎರರ್ ಕೊಟ್ಟರೂ ಓದಿದ ಸಂಖ್ಯೆಯನ್ನು ಬೇರೆ ದಾರಿಯಿಂದ ಪಡೆಯಲು ಬಿಡಿ, ಆ ದಾರಿಯನ್ನು ಅದೇ ಪುಟದಲ್ಲಿ ತಿಳಿಸಿ.

ಇನ್ನೆರಡು ಎಚ್ಚರಿಕೆ. ಕೋಡನ್ನು ಹೆಸರಿನಿಂದ ಬರೆಯಿರಿ, ಸಂಖ್ಯೆಯಿಂದ ಬೇಡ: ಸಾಮಾನ್ಯ ಪಿಸಿಯ ಲಿನಕ್ಸ್‌ನಲ್ಲಿ ಈಅಗೇನ್ 11, ಈಡೆಡ್‌ಲಾಕ್ 35, ಮ್ಯಾಕ್‌ನಲ್ಲಿ ಇವೆರಡೂ ಅದಲುಬದಲು. ಸಿ ಸ್ಟಾಂಡರ್ಡ್ ಹೆಸರಿಸುವುದೇ ಈಡಾಮ್, ಈರೇಂಜ್, ಈಇಲ್‌ಸೀಕ್ ಎಂಬ ಮೂರನ್ನು ಮಾತ್ರ, ಉಳಿದವು ಪಾಸಿಕ್ಸ್ ಮತ್ತು ಆಯಾ ಸಿಸ್ಟಮ್‌ಗಳಿಂದ ಬಂದವು. ಎರಡನೆಯದು, ಮೆಸೇಜಿನ ಪಠ್ಯವನ್ನು ಹೋಲಿಸಿ ತೀರ್ಮಾನ ಮಾಡಬೇಡಿ ಎಂದು ಬಳಸುವವರಿಗೆ ಹೇಳಿ. ಸಿಸ್ಟಮ್‌ನ ಭಾಷೆ ಬದಲಿಸಿದರೆ ಸ್ಟ್ರ್‌ಎರರ್ ಪಠ್ಯವೂ ಬದಲಾಗಬಹುದು.

7. ಪ್ರಿಂಟ್ ಮಾಡುತ್ತದೆಯೇ, ಪ್ರೋಗ್ರಾಮನ್ನೇ ನಿಲ್ಲಿಸುತ್ತದೆಯೇ

ಇದು ಚಿಕ್ಕ ಹಂತ, ಆದರೆ ಬಿಡಬೇಡಿ. ಪಿಎರರ್ ಮೆಸೇಜನ್ನು ಸ್ಟಾಂಡರ್ಡ್ ಎರರ್‌ಗೆ ಬರೆದು ವಾಪಸ್ ಬರುತ್ತದೆ. ಗ್ನು ಲೈಬ್ರರಿಯ ಎರರ್ ಎಂಬ ಹೆಸರಿನ ಫಂಕ್ಷನ್ ಮೊದಲು ಸ್ಟಾಂಡರ್ಡ್ ಔಟ್‌ಪುಟ್ಟನ್ನು ಖಾಲಿ ಮಾಡಿ, ಪ್ರೋಗ್ರಾಮಿನ ಹೆಸರು ಸೇರಿಸಿ ಬರೆಯುತ್ತದೆ. ಮೊದಲ ಆರ್ಗ್ಯುಮೆಂಟ್ ಸೊನ್ನೆ ಅಲ್ಲದಿದ್ದರೆ ಪ್ರೋಗ್ರಾಮನ್ನು ಅಲ್ಲೇ ಮುಗಿಸುತ್ತದೆ. ಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯಿಂದ ಬಂದ ಎರ್ ಫಂಕ್ಷನ್ ಯಾವಾಗಲೂ ಮುಗಿಸುತ್ತದೆ, ವಾರ್ನ್ ಮುಗಿಸುವುದಿಲ್ಲ. ಹಗಲೂ ರಾತ್ರಿ ಓಡಬೇಕಾದ ಮಳೆ ಲೆಕ್ಕದ ಪ್ರೋಗ್ರಾಮಿನಲ್ಲಿ ಲೈಬ್ರರಿ ತಾನಾಗಿ ಎಕ್ಸಿಟ್ ಮಾಡಬಾರದು. ಮಾಡಿದರೆ ಅದನ್ನು ಪುಟದ ಮೊದಲ ಸಾಲಲ್ಲೇ ಹೇಳಿ.

8. ಬರೆದದ್ದನ್ನು ಪರೀಕ್ಷಿಸಿ

ಲಿನಕ್ಸ್‌ನಲ್ಲಿ ಡೆವ್ ಡೈರೆಕ್ಟರಿಯ ಒಳಗೆ ಫುಲ್ ಎಂಬ ವಿಶೇಷ ಫೈಲ್ ಇದೆ. ಅದಕ್ಕೆ ಏನು ಬರೆದರೂ ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬ ಈನೋಎಸ್‌ಪಿಸಿ ಎರರ್ ಬರುತ್ತದೆ. ನಿಮ್ಮ ಲಾಗ್ ಫೈಲಿನ ಜಾಗದಲ್ಲಿ ಅದನ್ನು ಕೊಟ್ಟು ನೋಡಿ. ಎಫ್‌ಪ್ರಿಂಟ್‌ಎಫ್ ಗೆದ್ದ ಹಾಗೆ ಕಾಣುತ್ತದೆ, ಯಾಕೆಂದರೆ ಪಠ್ಯ ಇನ್ನೂ ಬಫರ್‌ನಲ್ಲಿರುತ್ತದೆ. ಎರರ್ ಎದುರಾಗುವುದು ಎಫ್‌ಫ್ಲಶ್ ಅಥವಾ ಎಫ್‌ಕ್ಲೋಸ್‌ನಲ್ಲಿ. ಮಳೆ_ಕ್ಲೋಸ್ ಒಳಗೆ ಎಫ್‌ಕ್ಲೋಸ್ ಇದ್ದು ಅದರ ರಿಟರ್ನ್ ವ್ಯಾಲ್ಯೂ ನೀವು ನೋಡದಿದ್ದರೆ, "ಡೇಟಾ ಉಳಿದಿದೆ" ಎಂಬ ನಿಮ್ಮ ವಾಕ್ಯ ಸುಳ್ಳಾಗುತ್ತದೆ. ಬೇರೆ ಎರರ್‌ಗಳನ್ನು ಬರಿಸಲು ಎಸ್‌ಟ್ರೇಸ್ ಟೂಲ್‌ನ ಇಂಜೆಕ್ಟ್ ಸೌಲಭ್ಯ ಬಳಸಿ. ಆರಿಸಿದ ಸಿಸ್ಟಮ್ ಕಾಲ್ ಸೋಲುವಂತೆ ಅದು ಮಾಡುತ್ತದೆ. ಪಟ್ಟಿಯಲ್ಲಿರುವ ಪ್ರತಿ ಕೋಡನ್ನೂ ಒಮ್ಮೆ ಬರಿಸಿ, ಮಳೆ_ಎರರ್‌ಟೆಕ್ಸ್ಟ್ ಏನು ಹೇಳುತ್ತದೆ ನೋಡಿ.

ಕೊನೆಗೆ ಹೆಡರ್ ಫೈಲ್ ಮತ್ತು ಡಾಕ್ಯುಮೆಂಟೇಶನ್ ಮಾತ್ರ ಸ್ನೇಹಿತರೊಬ್ಬರಿಗೆ ಕೊಡಿ, ಸೋರ್ಸ್ ಕೋಡ್ ಕೊಡಬೇಡಿ. ಮಾಪಕ ಓದಿ, ಸೋತರೆ ಕಾರಣ ಬರೆದಿಟ್ಟು, ಐದು ನಿಮಿಷ ಬಿಟ್ಟು ಮತ್ತೆ ಓದುವ ಪುಟ್ಟ ಪ್ರೋಗ್ರಾಂ ಬರೆಯಲು ಹೇಳಿ. ಪಕ್ಕದಲ್ಲಿ ಕುಳಿತುಕೊಳ್ಳಿ, ಬಾಯಲ್ಲಿ ಉತ್ತರ ಹೇಳಬೇಡಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಪ್ರತಿಯೊಂದರ ಉತ್ತರವನ್ನೂ ಆಯಾ ಫಂಕ್ಷನ್ನಿನ ಕೆಳಗೆ ಸೇರಿಸಿ. ಮುಂದೆ ಆ ನಡವಳಿಕೆ ಬದಲಿಸಿದರೆ ಯಾವ ಆವೃತ್ತಿಯಿಂದ ಬದಲಾಯಿತು ಎಂಬುದನ್ನೂ ಅದೇ ಜಾಗದಲ್ಲಿ ನಮೂದಿಸಿ.